ಮೇಷ್ಟರು ಚಾಕು ಮಸೆದ ದಿನ

ಆ ಶನಿವಾರ ಎವರಿಸ್ತೊ ಮೇಷ್ಟರಿಗೆ ಬೇಕಾಗಿದ್ದದ್ದು ಎರಡು ಗಂಟೆಯ ನಿಶ್ಶಬ್ದ, ಅಷ್ಟೆ. ಅಂಚೆ ಕಚೇರಿಯಲ್ಲಿ ಸ್ಟಾಂಪು ಮಾರುವ ವಿಧವೆ, ಊರವರು ಗೌರವದಿಂದ 'ದೋನ' ಎನ್ನುತ್ತಿದ್ದ ಎರ್ಮಿನಿಯಳಿಗೆ ವರ್ಗವಾಗಿತ್ತು. ನಾಲ್ಕು ಗಂಟೆಯ ಬಸ್ಸಿಗೆ ಆಕೆ ಊರು ಬಿಡುತ್ತಿದ್ದಳು. ಆರು ವರ್ಷದಿಂದ ಮೇಷ್ಟರು ದಿನಕ್ಕೊಂದು ಸ್ಟಾಂಪು ಕೊಳ್ಳುವ ನೆಪದಲ್ಲಿ ಆಕೆಯ ಕಿಟಕಿಯ ಮುಂದೆ ನಿಂತು, ಬಿಸಿಲಿನ ವಿಚಾರ ಮಾತಾಡಿ, ಬೆವರೊರೆಸಿಕೊಂಡು ವಾಪಸು ಬರುತ್ತಿದ್ದರು. ಬಾಯಲ್ಲಿ ಬಾರದ್ದನ್ನು ಇವತ್ತಾದರೂ ಕಾಗದದಲ್ಲಿ ಕೇಳಿಬಿಡಬೇಕು: ನನ್ನನ್ನು ಮದುವೆಯಾಗುತ್ತೀರಾ?

ಆದರೆ ಮಿನಾಸ್ ಸೀಮೆಯ ಆ ಊರಲ್ಲಿ ಮನೆಯ ಬಾಗಿಲು ಮುಚ್ಚಿದೆ ಎಂದರೆ ಒಳಗೆ ಏನೋ ನಡೆಯುತ್ತಿದೆ ಎಂದೇ ಅರ್ಥ. 'ಪ್ರೀತಿಯ' ಎಂದು ಬರೆಯುವಷ್ಟರಲ್ಲಿ ಮೂವರು ಬಂದು ವಿಚಾರಿಸಿ ಹೋದರು. ಮೇಷ್ಟರು ರೇಗಿ, ಒಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ 'ಇಲ್ಲಿ ಅಮೊಲಾರ್ ಇಲ್ಲ' ಎಂದು ಬರೆದು ಬಾಗಿಲಿಗೆ ತೂಗುಹಾಕಿದರು. ಪೋರ್ಚುಗೀಸಿನ ಆ ಕ್ರಿಯಾಪದಕ್ಕೆ ಎರಡು ಮುಖ. ಜನರ ತಲೆ ತಿನ್ನುವುದೂ ಅಮೊಲಾರ್, ಚಾಕು ಮಸೆಯುವುದೂ ಅಮೊಲಾರ್. ಮೇಷ್ಟರು ಹೇಳಿದ್ದು ಮೊದಲನೆಯದನ್ನು.

ಕೂಡಲೇ ಪಕ್ಕದ ಮನೆಯ ದೋನ ಕಿತೇರಿಯ ಬಂದಳು. ಹಲಗೆಗೆ ಬೆನ್ನು ಕೊಟ್ಟು, ಬಾಗಿಲ ಪಕ್ಕದ ಕಿಟಕಿಯೊಳಗೆ ಕತ್ತು ಹೊರಳಿಸಿ, "ನಾನೇನೂ ನಿಮ್ಮ ತಲೆ ತಿನ್ನೋಕೆ ಬಂದಿಲ್ಲ ಮೇಷ್ಟ್ರೇ. ಒಳಗೇನು ಮಾಡ್ತಿದೀರಿ ಅಂತ ಕೇಳೋಕೆ ಬಂದೆ" ಎಂದು ಕಾಲು ಗಂಟೆ ಕೇಳಿದಳು. ಅವಳು ಹೊರಟಾಗ 'ಇಲ್ಲ' ಎಂಬ ಪದವೂ ಅವಳ ರವಿಕೆಯ ಬೆನ್ನಿಗೆ ಅಂಟಿಕೊಂಡು ಹೊರಟುಹೋಯಿತು.

ಹತ್ತು ನಿಮಿಷದಲ್ಲಿ ಮಾಂಸದಂಗಡಿಯ ಜೆನಿವಾಲ್ದೊ ಮೂರು ಕತ್ತಿ ಹಿಡಿದು ಒಳಗೇ ನುಗ್ಗಿದ. ಮೇಷ್ಟರ ಕೈಯಿಂದ ಪೆನ್ನು ಬಿತ್ತು.

"ಮಸೆದುಕೊಡಿ ಮೇಷ್ಟ್ರೇ. ಮಸೆಯೋನು ಊರು ಬಿಟ್ಟು ಎಂಟು ತಿಂಗಳಾಯ್ತು. ಮಾಂಸ ಕುಯ್ಯೋದು ಹೋಗಿ ಹಗ್ಗಜಗ್ಗಾಟ ಆಗಿದೆ."

"ನಾನು ವ್ಯಾಕರಣದ ಮೇಷ್ಟ್ರು ಕಣಯ್ಯಾ! ಬಾಗಿಲ ಮೇಲೆ ಬರೆದದ್ದು ಓದ್ಲಿಲ್ವಾ?"

"ಓದಿದೆ. 'ಇಲ್ಲಿ ಅಮೊಲಾರ್' ಅಂತಿದೆ. ಬರೆದದ್ದಕ್ಕೆ ಬರೆದದ್ದೇ ಅರ್ಥ ಅಂತ ನಾಲ್ಕನೇ ಕ್ಲಾಸಲ್ಲಿ ನನ್ನ ಬೆಂಚಿನ ಮೇಲೆ ನಿಲ್ಲಿಸಿ ಹೇಳ್ಕೊಟ್ಟವರು ಯಾರು?"

ಮೂರು ಕತ್ತಿ ಹಿಡಿದವನ ಜೊತೆ ವ್ಯಾಕರಣ ಚರ್ಚಿಸುವುದು ಕ್ಷೇಮವಲ್ಲ ಎನಿಸಿತು ಮೇಷ್ಟರಿಗೆ. ಅಷ್ಟರಲ್ಲಿ ಎದುರಿನ ಕಬ್ಬಿಣದಂಗಡಿಯ ಗುಮರ್ಸಿಂದೊ ರಸ್ತೆ ದಾಟಿ ಬಂದು ಮಸೆಗಲ್ಲನ್ನು ಮೇಜಿನ ಮೇಲಿಟ್ಟ. "ಕಲ್ಲಿಲ್ದೆ ಹೇಗೆ ಮಸೀತೀರಿ? ಹಾಗಲ್ಲ, ಓರೆಯಾಗಿ ಹಿಡೀರಿ. ಮಗೂಗೆ ಬೆನ್ನು ತಟ್ಟೋ ಹಾಗೆ."

ಮೇಷ್ಟರು ಮಸೆದರು. ಸುದ್ದಿ ಹಬ್ಬಿತು. ಕ್ಷೌರದ ಕತ್ತಿ, ದರ್ಜಿಯ ಕತ್ತರಿ, ಕುಡುಗೋಲು, ಸನ್ಯಾಸಿನಿಯರ ಮಠದ ತರಕಾರಿ ಚಾಕು, ಎಲ್ಲ ಸಾಲುಗಟ್ಟಿದವು. ಜನರನ್ನು ಸಾಲಾಗಿ ನಿಲ್ಲಿಸುವ ಅಧಿಕಾರವನ್ನು ಕಿತೇರಿಯ ತಾನೇ ವಹಿಸಿಕೊಂಡು, ಮೇಷ್ಟರ ಅಡುಗೆಮನೆಗೆ ಹೋಗಿ, ಮೇಷ್ಟರ ಕಾಫಿಯನ್ನು ಎಲ್ಲರಿಗೂ ಹಂಚಿದಳು. ಒಮ್ಮೆ ಮೇಷ್ಟರು ಸೀಮೆಸುಣ್ಣ ಹಿಡಿದು ಹಲಗೆಯ ಹತ್ತಿರ ಹೋದದ್ದೂ ಉಂಟು. "ಜೆನಿವಾಲ್ದೊಗೆ ಉಂಟು, ನಮಗಿಲ್ವಾ?" ಎಂದು ಸಾಲೆಲ್ಲ ಗದರಿತು. ಸೀಮೆಸುಣ್ಣ ಜೇಬಿಗೆ ಮರಳಿತು. ಇನ್ನು ಹರಿತ ಪರೀಕ್ಷಿಸಲು ಜನರಿಗೆ ಕೈಗೆ ಸಿಕ್ಕಿದ್ದು ಮೇಜಿನ ಮೇಲಿದ್ದ ಕಾಗದ. ಮಧ್ಯಾಹ್ನದ ಹೊತ್ತಿಗೆ 'ಪ್ರೀತಿಯ' ಎಂಬುದು ಶಾವಿಗೆಯಾಗಿತ್ತು.

ಮೂರೂವರೆಗೆ ಸಾಲು ಕರಗಿತು. ಮೇಷ್ಟರು ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಾಗ ಬಾಗಿಲಲ್ಲಿ ದೋನ ಎರ್ಮಿನಿಯ ನಿಂತಿದ್ದಳು. ಪ್ರಯಾಣದ ಉಡುಪು, ಕೈಯಲ್ಲೊಂದು ಚೀಲ, ಹಳದಿ ಹಿಡಿಯ ಪುಟ್ಟ ಚಾಕು.

"ತೊಂದರೆ ಆಗಲ್ಲ ತಾನೆ ಮೇಷ್ಟ್ರೇ?"

"ಛೆ, ಛೆ!"

ಮೇಷ್ಟರು ಆರು ವರ್ಷದ ಪ್ರೀತಿಯನ್ನೆಲ್ಲ ತೋಳಿಗೆ ತಂದುಕೊಂಡು ಮಸೆದರು. ಆಕೆ ಚಾಕನ್ನು ನೋಡಲಿಲ್ಲ, ಅವರ ಮುಖವನ್ನೇ ನೋಡುತ್ತಿದ್ದಳು. ಮೇಷ್ಟರು ಮುಖವೆತ್ತದೆ ಇನ್ನೂ ಹತ್ತು ನಿಮಿಷ ಮಸೆದರು.

"ಆಯ್ತಾ ಮೇಷ್ಟ್ರೇ?"

"ಆಯ್ತು."

"ಇನ್ನೇನಾದ್ರೂ... ಹೇಳೋದಿತ್ತಾ?"

"ಹಾಂ, ಒಂದು ಮಾತು."

ಆಕೆ ಚೀಲವನ್ನು ನೆಲಕ್ಕಿಟ್ಟಳು.

ಮೇಷ್ಟರು ಚಾಕನ್ನು ಆಕೆಯ ಕೈಗಿತ್ತರು. "ನೀರಲ್ಲಿ ನೆನೆಸಿಡಬೇಡಿ. ತುಕ್ಕು ಹಿಡಿಯತ್ತೆ."

ಎರ್ಮಿನಿಯ ಚಾಕನ್ನು ಚೀಲದೊಳಗಿಟ್ಟಳು. ಆಮೇಲೆ ಚೀಲವನ್ನೆತ್ತಿಕೊಂಡು ಹೊರಟಳು.

ಬಸ್ಸಿನ ಹಾರನ್ ಕೇಳಿಸಿದಾಗ ಗುಮರ್ಸಿಂದೊ ಓಡುತ್ತ ಬಂದ. "ಏನಂದ್ರು?"

"ಏನಿಲ್ಲ. ಚಾಕು ಮಸೆಸ್ಕೊಂಡು ಹೋದ್ರು."

"ಹಳದಿ ಹಿಡೀದಾ?"

"ಹೌದು."

ಗುಮರ್ಸಿಂದೊ ಟೋಪಿ ತೆಗೆದು ಹೊಸ್ತಿಲ ಮೇಲೆ ಕುಸಿದು ಕೂತ. "ಅಯ್ಯೋ ಮಹಾರಾಯ್ರೇ, ಅದು ಹೊಸದು! ಮೂರು ಗಂಟೆಗೆ ನನ್ನ ಅಂಗಡೀಲೇ ತಗೊಂಡ್ರು. ಮುಟ್ಟಿದ್ರೆ ಕುಯ್ಯತ್ತೆ, ಮಸೆಯೋದೇ ಬೇಡ ಅಂದೆ. 'ಇರಲಿ ಕೊಡಿ, ಮೇಷ್ಟ್ರ ಮನೆಗೆ ಹೋಗೋಕೆ ಏನಾದ್ರೊಂದು ನೆಪ ಬೇಕಲ್ಲ' ಅಂದ್ರು."

ಮೇಷ್ಟರು ಕೈಯಲ್ಲಿದ್ದ ಕಲ್ಲಿನ ಸಮೇತ ಓಡಿದರು. ಚರ್ಚಿನ ತಿರುವಿಗೆ ಬಂದಾಗ ಬಸ್ಸಿರಲಿಲ್ಲ, ಕೆಂಧೂಳು ಮಾತ್ರ ಇತ್ತು. ಅಲ್ಲಿ ಬೇಲಿಗೊರಗಿ ನಿಂತಿದ್ದ ಸೌದೆಯವನು ಅವರ ಕೈಯ ಕಲ್ಲು ನೋಡಿ ಮುಖವರಳಿಸಿದ.

"ಅಯ್ಯೋ, ನಾನೇ ಬರ್ತಿದ್ದೆ! ಇಷ್ಟು ದೂರ ಹುಡುಕ್ಕೊಂಡು ಬಂದ್ರಾ ಮೇಷ್ಟ್ರೇ?" ಎಂದು ಎರಡೂ ಕೈಯಲ್ಲಿ ಕೊಡಲಿ ಚಾಚಿದ.