ಎರಡು ಮಷಿನ್, ಒಂದು ಕುರಿಹಿಂಡು

ಡಾಂಬರು ಬಿಟ್ಟು ಗಾಡಿ ಹೊಲಕ್ಕ ಇಳಿಯಿತು ಅಂದರ ಏನಾರ ಒಂದು ಆಗೇ ಆಗತದ. ಪಶು ಆಸ್ಪತ್ರೆ ಜೀಪು ಓಡಿಸಾಕ ಹತ್ತಿ ನನಗ ಇಪ್ಪತ್ತು ವರ್ಷ ಆತು. ಸುಮ್ಮನ ಹೋಗಿ ಸುಮ್ಮನ ಬಂದ ದಿನ ಕಡಿಮಿ.

ಗಾಡ್ಯಾಗ ನಾವು ಮೂರು ಮಂದಿ. ಡಾಕ್ಟರ್ ಮೇಡಂ, ರಾಯಚೂರಿನವರು, ನೌಕರಿಗೆ ಬಂದು ಎರಡು ವರ್ಷ. ಕಂಪೌಂಡರ್, ನನ್ನ ವಾರಿಗೆಯವ, ಬಾಯಿ ಸುಮ್ಮನಿರಂಗಿಲ್ಲ. ಮತ್ತ ನಾನು. ದೇವದುರ್ಗ, ಮಾನ್ವಿ ಎರಡೂ ಕಡಿ ಕುರಿಗಳಿಗೆ ಲಸಿಕಿ ಹಾಕೋದು ನಮ್ಮ ಕೆಲಸ. ಕುರಿ ಊರಾಗ ಇರಂಗಿಲ್ಲ. ಅಡವ್ಯಾಗ ಇರತಾವ. ಅಲ್ಲಿಗೆ ರಸ್ತೆ ಇರಂಗಿಲ್ಲ.

ಹೋದ ಹಿಂಗಾರಿ ಬಿತ್ತಿಗಿ ಹೊತ್ತಿನ್ಯಾಗ ರಾಯಚೂರು ಆಫೀಸಿನ ಸಾಹೇಬರು ಎರಡು ಸಾಮಾನು ಕೊಟ್ಟರು. ಒಂದು ಜಿಪಿಎಸ್ ಮಷಿನ್. ಇನ್ನೊಂದು ಟ್ಯಾಬ್. ಒಂದು ತಿಂಗಳು ಎರಡೂ ನೋಡ್ರಿ, ಯಾವುದು ಛಲೋ ಅದನ್ನ ಇಟ್ಟುಕೊಳ್ಳೋಣ ಅಂದರು. ತಾವು ಹೋದಲ್ಲೆಲ್ಲ ಎರಡೂ ಒಂದೊಂದು ಗೆರಿ ಎಳಿತಾವಂತ. ತಿಂಗಳ ಕೊನಿಗೆ ಆ ಗೆರಿ ಆಫೀಸಿನ ಕಂಪ್ಯೂಟರಿಗೆ ಹಾಕಿ ನೋಡತಾರಂತ.

‘ದಾರಿ ಯಾರನ್ನೂ ಕೇಳಬ್ಯಾಡ್ರಿ. ಕೇಳಿದ್ರ ಇವುಗಳ ಪರೀಕ್ಷಾ ಹೆಂಗ ಆಗ್ತದ?’ ಅಂದರು. ಆಮ್ಯಾಲೆ ನನ್ನ ಕಡಿ ನೋಡಿದರು. ‘ನೀ ಎಷ್ಟು ಓದೀದಿ?’

‘ಮೂರನೇತ್ತಾ ರೀ.’

‘ಗೆರಿ ಹೋದಲ್ಲೇ ವಾಪಸ್ ಬಂದಿರಬಾರದು. ಸುತ್ತಾಡಿದ್ದು ಕಂಡ್ರ ಓದು ಬರೋ ಬ್ಯಾರೆ ಡ್ರೈವರ್ನ ಹಾಕ್ತೀವಿ.’

ಹೂಂ ಅಂದೆ. ನನ್ನ ಹೆಂಡತಿ ತೀರಿಕೊಂಡು ಒಂದು ವರ್ಷ ಆಗಿತ್ತು. ಮನ್ಯಾಗ ಕುಂತರ ಗ್ವಾಡಿ ನೋಡಬೇಕು. ಗಾಡ್ಯಾಗ ಕುಂತರ ದಾರಿ ನೋಡಬಹುದು. ಆ ಸೀಟು ಕಳಕೊಳ್ಳೋದು ನನಗ ಬೇಕಿರಲಿಲ್ಲ.

ಟ್ಯಾಬಿಗೆ ಬಂದ ಬ್ಯಾನಿ

ಮಷಿನ್ ಅಂಗೈಯಷ್ಟು. ಎರಡು ಸೆಲ್ ಹಾಕಬೇಕು. ಕೆಳಗ ಬಿದ್ದರೂ ಏನೂ ಆಗಂಗಿಲ್ಲ. ಆದರ ಅದರ ಪರದಿ ಸುಣ್ಣದ ಡಬ್ಬಿಯಷ್ಟು. ಬಾಣದ ಗುರುತು ಬಿಟ್ಟರ ನನಗ ಏನೂ ತಿಳಿಯಂಗಿಲ್ಲ. ಟ್ಯಾಬ್ ಶಾಲಿ ಪಾಟಿಯಷ್ಟು. ಹೊಲ, ಹಳ್ಳ, ಗಿಡ ಎಲ್ಲಾ ಬಣ್ಣದಾಗ ಕಾಣತಾವ. ಬಿಸಿಲಿಗೆ ಹಿಡಿದರ ಮಾತ್ರ ನಮ್ಮ ಮುಖಾನೇ ಕಾಣತದ.

ಯಾವುದು ಛಲೋ ಅಂತ ಮೇಡಂ ಮೊದಲ ದಿನಾನೇ ಕೇಳಿದರು.

‘ಟ್ಯಾಬ್ ರೀ,’ ಅಂದ ಕಂಪೌಂಡರ್. ‘ಮಷಿನ್‌ನ್ಯಾಗ ಕ್ರಿಕೆಟ್ ಬರಂಗಿಲ್ಲ.’

ಮೂರನೇ ದಿನ ಟ್ಯಾಬ್ ಗಾಜಿನ ಮುಂದ ಇಟ್ಟಿದ್ದೆವು. ರಾಯಚೂರು ಬಿಸಿಲು. ಹನ್ನೊಂದಕ್ಕ ಕಾದು ಬಂದ್ ಆತು. ನಾಕನೇ ದಿನಾನೂ ಅಷ್ಟ. ಐದನೇ ದಿನ ಮಧ್ಯಾಹ್ನ ಎರಡಾದರೂ ಚಂದ ನಡಿಯಾಕತ್ತಿತ್ತು. ಮೇಡಂಗೆ ಖುಷಿ. ನಡುನಡುವ ಟ್ಯಾಬ್ ಕಾಣತಿರಲಿಲ್ಲ, ಮತ್ತ ಕಾಣತಿತ್ತು. ಅದರ ಮೈ ಬ್ಯಾರೆ ಹಸಿ ಆಗಿರತಿತ್ತು.

ಒಂದು ಹಟ್ಟಿ ಹತ್ತಿರ ನಿಂತು ಮೇಡಂ ಲಸಿಕಿ ತೆಗಿಯಾಕ ಐಸ್ ಪೆಟ್ಟಿಗಿ ತೆರದರು. ಬಾಟ್ಲಿಗಳ ನಡುವ ಟ್ಯಾಬ್ ಮಲಗಿತ್ತು.

‘ಇದ್ಯಾಕ ಇಲ್ಲಿ?’

‘ಜ್ವರ ಬಂದಿತ್ತ್ರೀ ಮೇಡಂ,’ ಅಂದ ಕಂಪೌಂಡರ್.

ಬಿತ್ತಿದ ದಾರಿ

ಜಾಲಹಳ್ಳಿ ಕಡಿ ಒಂದಿನ ಟ್ಯಾಬ್ ನಮ್ಮನ್ನ ಒಂದು ಬಂಡಿ ದಾರಿಗೆ ತಂದಿತು. ಎರಡು ಹೊಲ ದಾಟಿದೆವು. ಮೂರನೇ ಹೊಲದಾಗ ದಾರಿ ಇಲ್ಲ. ಟ್ಯಾಬ್‌ನ್ಯಾಗ ಅದ. ನೆಲದ ಮ್ಯಾಲೆ ಇಲ್ಲ. ಎರಿ ಹೊಲ, ಜೋಳ ಬಿತ್ತಿ ನಾಕು ದಿನ ಆಗಿರಬೇಕು.

ಬದುವಿನ ಮ್ಯಾಲೆ ಹೊಲದ ಮಾಲಕ ಕುಂತಿದ್ದ. ಗಾಡಿ ಕಂಡು ಎದ್ದು ಬಂದ.

‘ಎಲ್ಲಿಗ್ರಿ?’

‘ಅಡ್ಡ ದಾಟಿ ಆ ಕಡಿ ಹಟ್ಟಿಗೆ,’ ಅಂದರು ಮೇಡಂ.

‘ಇಲ್ಲಿ ದಾರಿ ಇಲ್ಲಲ್ರಿ ಯವ್ವಾ.’

‘ಅದ ಅಂತ ತೋರಸ್ತದ ನೋಡ್ರಿ.’ ಮೇಡಂ ಟ್ಯಾಬ್ ಅವನ ಮುಂದ ಹಿಡಿದರು. ಅವ ಬಾಗಿ ನೋಡಿದ. ತನ್ನ ಹೊಲ ಗುರುತು ಹಿಡಿದ. ತನ್ನ ಬೇವಿನ ಗಿಡ ಗುರುತು ಹಿಡಿದ. ಭಾಳ ಹೊತ್ತು ನೋಡಿದ.

‘ಹೌದ್ರಿ. ಅದ್ರಾಗ ದಾರಿ ಛಲೋ ಅದ,’ ಅಂದ. ‘ಅದ್ರಾಗೇ ಹೋಗ್ರಿ. ಇದು ನನ್ನ ಹೊಲ.’

ಮುನ್ನೂರು ಮೀಟರ್

ಟ್ಯಾಬ್ ಬ್ಯಾಡ ಅಂತ ಮರುವಾರ ಮಷಿನ್ ಹಿಡಿದೆವು. ಮಷಿನಿಗೆ ದಾರಿ ಗೊತ್ತಿಲ್ಲ. ಹೋಗೋ ಜಾಗ ಅಷ್ಟ ಗೊತ್ತು. ಬಾಣ ತೋರಸ್ತದ, ಇನ್ನೆಷ್ಟು ದೂರ ಅಂತ ಹೇಳತದ.

ಮಾನ್ವಿ ಕಡಿ ಹೊಂಟಿದ್ದೆವು. ಒಂದು ಸಾವಿರ ಮೀಟರ್. ಆರು ನೂರು. ಮುನ್ನೂರು. ಕಂಪೌಂಡರ್ ಎಣಿಸಾಕತ್ತಿದ್ದ. ನಾ ಗಾಡಿ ನಿಂದರಿಸಿದೆ.

‘ಯಾಕ ನಿಂತ್ರಿ ಕಾಕಾ? ಇನ್ನ ಮುನ್ನೂರು ಅಷ್ಟ,’ ಅಂದರು ಮೇಡಂ.

ಮುಂದ ಕಾಲುವಿ. ದಂಡಿ ತುಂಬ ನೀರು. ಆ ಕಡಿ ದಂಡಿಗೆ ಕುರಿ ಕಾಣಾಕತ್ತಿದ್ದವು. ಕುರಿಯವನೂ ಕಂಡ. ಕೈ ಬೀಸಿದ. ನಾವೂ ಬೀಸಿದೆವು.

ಬಟ್ಟಿ ಒಗಿಯಾಕ ಬಂದಿದ್ದ ಒಬ್ಬ ಮುದುಕಿ ನಮ್ಮನ್ನ ನೋಡಾಕತ್ತಿದ್ದಳು. ನಾವು ಏನೂ ಕೇಳಲಿಲ್ಲ. ಸಾಹೇಬರ ಹುಕುಂ ಇತ್ತು. ಆಕಿನೇ ಹೇಳಿದಳು. ‘ಸೇತುವಿ ಆರು ಕಿಲೋಮೀಟರ್ ಹಿಂದಕ ಅದ.’

‘ಈ ಮಷಿನ್ ಮುನ್ನೂರು ಮೀಟರ್ ಅಂತದ ಬೇ,’ ಅಂದ ಕಂಪೌಂಡರ್.

ಮುದುಕಿ ಮಷಿನ್ ನೋಡಿದಳು. ‘ಅದಕ್ಕ ಈಸು ಬರ್ತಿರಬೇಕು. ಮೊದಲ ಅದನ್ನ ಇಳಿಸು.’

ಪ್ಯಾಂಟಿನ ಮಣ್ಣು

ಒಂದು ಮಧ್ಯಾಹ್ನ ಗಿಡದ ನೆಳ್ಳಾಗ ರೊಟ್ಟಿ ತಿನ್ನೋವಾಗ ಮೇಡಂ ಕೇಳಿದರು. ‘ಇವೆಲ್ಲ ಇಲ್ಲದಾಗ ಗಾಡಿ ಎಲ್ಲೆಲ್ಲಿ ಹೋಗಿತ್ತಂತ ಹೆಂಗ ತಿಳಿತಿತ್ತು ಕಾಕಾ?’

‘ಆಫೀಸಿಗೆ ತಿಳಿತಿರಲಿಲ್ಲ ರೀ. ನಮ್ಮ ಮನಿಯಾಕಿಗೆ ತಿಳಿತಿತ್ತು.’

ಆಕಿ ಗಾಡಿ ಹತ್ತಿದಾಕಿ ಅಲ್ಲ. ಬಟ್ಟಿ ಒಗಿಯೋವಾಗ ಪ್ಯಾಂಟಿನ ಮಡಿಕಿ ಬಿಚ್ಚಿ ನೋಡತಿದ್ದಳು. ಎರಿ ಮಣ್ಣು, ಕೆಂಪು ಉಸುಕು, ಗದ್ದಿ ಕೆಸರು. ಇವತ್ತು ಜಾಲಹಳ್ಳಿಗೆ ಹೋಗಿದ್ರೇನು ಅಂತಿದ್ದಳು. ತಪ್ಪತಿರಲಿಲ್ಲ. ಈಗ ಬಟ್ಟಿ ನಾನೇ ಒಗಿತೀನಿ. ಮಣ್ಣು ನೋಡಂಗಿಲ್ಲ.

ಒಂದು ಶ್ರಾವಣದಾಗ ದೇವದುರ್ಗದ ಗೆಳೆಯನ ಹೊಲಕ್ಕ ಹೋಗಿ ಕೋಳಿ ಉಂಡು ಬಂದಿದ್ದೆ. ಮಾನ್ವಿಗೆ ಹೋಗಿದ್ದೆ ಅಂದೆ. ಆಕಿ ಮಡಿಕಿ ಝಾಡಿಸಿದಳು.

‘ಮಾನ್ವಿ ಗದ್ದ್ಯಾಗ ಕೆಂಪು ಉಸುಕು ಯಾವಾಗಿಂದ ಬಂತು?’

‘ಗಾಳಿಗೆ ಬಂದಿರಬೇಕು.’

‘ಕೋಳಿ ವಾಸನಿನೂ ಗಾಳಿಗೇ ಬಂತೇನು?’

ಇದನ್ನ ಹೇಳಿದಾಗ ಮೇಡಂ ನಕ್ಕರು. ಕಂಪೌಂಡರ್ ನಗಲಿಲ್ಲ. ಎದ್ದು ನಿಂತು ತನ್ನ ಪ್ಯಾಂಟು ಝಾಡಿಸಿಕೊಂಡ.

ಹಿಕ್ಕಿ ಸಿಕ್ಕಾವ

ನಮ್ಮ ಕಡಿ ರೈತರು ಬಿತ್ತೋ ಮೊದಲ ಹೊಲದಾಗ ಕುರಿ ತರುಬಸ್ತಾರ. ರಾತ್ರಿ ಎಲ್ಲಾ ಹಿಂಡು ಅಲ್ಲೇ ಮಲಗತದ. ಅವುಗಳ ಹಿಕ್ಕಿ ಬಿದ್ದು ಹೊಲಕ್ಕ ಗೊಬ್ಬರ ಆಗತದ. ಎರಡು ರಾತ್ರಿ ಒಂದು ಹೊಲ. ಆಮ್ಯಾಲೆ ಯಾರು ಕರಿತಾರ ಅವರ ಹೊಲ.

ಇದು ಮೇಡಂಗೆ ಗೊತ್ತಿತ್ತು. ಮರೆತರು. ಮಾನ್ವಿ ಹತ್ತಿರ ಒಂದು ದೊಡ್ಡ ಹಿಂಡು ಕಂಡು, ಜಾಗ ಮಷಿನ್‌ನ್ಯಾಗ ಗುರುತು ಹಾಕಿಕೊಂಡರು. ನಾಕು ದಿನ ಬಿಟ್ಟು ಲಸಿಕಿ ತಗೊಂಡು ಹೋದೆವು. ಬದುವಿನ ಗುಂಟ, ಹಳ್ಳದ ಒಳಗ, ಒಂದು ತಾಸು. ಮಷಿನ್ ಕುಂಯ್ ಅಂತು. ಬಂದ್ವಿ ಅಂತ ಅರ್ಥ.

ಬರೇ ಹೊಲ. ಮೇಡಂ ಸುತ್ತ ನೋಡಿದರು. ‘ಜಾಗ ಇದೇ ಹೌದಾ?’

ಕಂಪೌಂಡರ್ ಕುಕ್ಕರಗಾಲಲ್ಲಿ ಕುಂತು ನೆಲ ನೋಡಿದ. ‘ಒಂದು ಹೆಜ್ಜಿನೂ ತಪ್ಪಿಲ್ರೀ ಮೇಡಂ. ಹಿಕ್ಕಿ ಎಲ್ಲಾ ಸಿಕ್ಕಾವ. ಕುರಿ ಅಷ್ಟ ಇಲ್ಲ.’

ಕುರಿಯವನಿಗೆ ಫೋನ್ ಮಾಡಿದೆವು. ಯಾವುದೋ ಊರಿನ ಅಂಗಡಿಯವ ಎತ್ತಿದ. ‘ಫೋನ್ ಇಲ್ಲಿ ಚಾರ್ಜಿಗೆ ಇಟ್ಟು ಹೋಗ್ಯಾನ್ರಿ. ನಿಮಗ ಸಿಕ್ಕರ ಫೋನ್ ಒಯ್ಯಂತ ಹೇಳ್ರಿ. ನಾನೂ ಹುಡುಕಾಕತ್ತೀನಿ.’

ಸಂಜಿ ಮುಂದ ವಾಪಸ್ ಬರೋವಾಗ ರಸ್ತೆ ಮ್ಯಾಲೆ ಗಾಡಿ ನಿಂದರಿಸಬೇಕಾತು. ಒಂದು ಹಿಂಡು ಅಡ್ಡ ದಾಟಾಕತ್ತಿತ್ತು. ಅದೇ ಹಿಂಡು.

ಟಗರಿನ ಕೊಳ್ಳಾಗ

ರಸ್ತೆ ಬಾಜೂಕ ಲಸಿಕಿ ಹಾಕಿದೆವು. ಕತ್ತಲಾತು. ಅರ್ಧ ಕುರಿ ಉಳಿದವು. ಬಾಜೂ ಊರಾಗ ರೋಗ ಬಂದು ಕುರಿ ಸಾಯಾಕತ್ತಿದ್ದವು. ಬಿಡುವಂಗಿರಲಿಲ್ಲ. ಮರುದಿನ ಮೇಡಂಗೆ ರಾಯಚೂರಾಗ ಮೀಟಿಂಗ್.

‘ನಾಳಿ ಬಿಟ್ಟು ನಾಡದು ಎಲ್ಲಿರ್ತೀರಿ?’ ಅಂತ ಕುರಿಯವನ್ನ ಕೇಳಿದರು.

‘ಯಾರಿಗೆ ಗೊತ್ತ್ರಿ ಯವ್ವಾ. ಮೇವು ಎಲ್ಲಿ ಅದ ಅಲ್ಲಿ.’

ಮೇಡಂ ಯೋಚನಿ ಮಾಡಿದರು. ಹಿಂಡಿನ ಮುಂದ ನಡಿಯೋ ಟಗರು ತೋರಿಸು ಅಂದರು. ಹೊಸಾ ಸೆಲ್ ಹಾಕಿ ಮಷಿನ್ ಅದರ ಕೊಳ್ಳಿಗೆ ಕಟ್ಟಿದರು. ‘ಇದು ಎಲ್ಲಿ ಅದ ಅಂತ ಇದಕ್ಕ ಯಾವಾಗಲೂ ಗೊತ್ತಿರ್ತದ,’ ಅಂದರು.

‘ಟಗರಿಗೂ ಗೊತ್ತಿರ್ತದಲ್ರಿ,’ ಅಂದ ಕುರಿಯವ. ಆದರೂ ಬ್ಯಾಡ ಅನಲಿಲ್ಲ.

ಮೂರನೇ ದಿನ ಮುಂಜಾನಿ ಗಾಡಿ ಹತ್ತಿ ಮೇಡಂ ಟ್ಯಾಬ್ ತೆರದರು. ಹಿಂದ ಮುಂದ ತಿರುವಿದರು. ‘ಮಷಿನ್ ಯಾಕ ಕಾಣವಲ್ದು?’

ಕಂಪೌಂಡರ್ ಕೇಳಿದ. ‘ತಾ ಎಲ್ಲದೀನಂತ ಮಷಿನಿಗೆ ಗೊತ್ತದಲ್ರೀ?’

‘ಗೊತ್ತದ.’

‘ಅದು ನಮಗ ಹೆಂಗ ಹೇಳತದ?’

‘ಅದರ ಪರದಿ ನೋಡಬೇಕು.’

‘ಪರದಿ ಎಲ್ಲದ ರೀ?’

ಮೇಡಂ ಟ್ಯಾಬ್ ತೊಡಿ ಮ್ಯಾಲೆ ಇಟ್ಟರು. ‘ಟಗರಿನ ಕೊಳ್ಳಾಗ,’ ಅಂತ ಅವನೇ ಹೇಳಿದ.

ಎರಡು ದಿನ ಟ್ಯಾಬ್ ಹಿಡಕೊಂಡು ಹುಡುಕಿದೆವು. ಹಳ್ಳ ಇಳಿದು ವಾಪಸ್. ಕಾಲುವಿ ತನಕ ಹೋಗಿ ವಾಪಸ್. ಒಂದು ಗದ್ದಿ ಸುತ್ತ ಮೂರು ಸಲ. ಸಂಜಿಕ ಟ್ಯಾಬ್‌ನ್ಯಾಗಿನ ಗೆರಿ ನೋಡಿದೆ. ಹೋದ ಗೆರಿ ಮ್ಯಾಲೆ ಬಂದ ಗೆರಿ. ಕೌದಿ ಹೊಲಿದಂಗ ಕಾಣತಿತ್ತು. ನನ್ನ ಸೀಟು ಹೋತು ಅಂದುಕೊಂಡೆ. ಮನಿಗೆ ಹೋಗಿ ಅಡಿಗಿ ಮಾಡಲಿಲ್ಲ.

ಮರುದಿನ ಮೇಡಂ ಹೇಳಿದರು. ‘ಕಾಕಾ, ಕುರಿ ಸತ್ತ ಮ್ಯಾಲೆ ಪರೀಕ್ಷಾ ತಗೊಂಡು ಏನು ಮಾಡೋದು? ಕೇಳ್ರಿ.’

ಮಾನ್ವ್ಯಾಗ ಒಂದು ಚಾ ಅಂಗಡಿ ಮುಂದ ನಿಂತೆ. ಯಾರ ಹೊಲದಾಗ ಕುರಿ ತರುಬ್ಯಾರ ಅಂತ ಕೇಳಿದೆ. ಚೀಕಲಪರ್ವಿ ಹೊಳಿ ದಂಡಿಗೆ ಅಂದರು. ಅರ್ಧ ಚಾ ಕುಡಿಯೋದರಾಗ ತಿಳಿತು. ಹೋದೆವು. ಹಿಂಡು ಇತ್ತು. ಕುರಿ ಎಲ್ಲಾ ಛಲೋ ಇದ್ದವು. ಉಳಿದ ಅರ್ಧಕ್ಕೂ ಲಸಿಕಿ ಆತು. ಮಷಿನ್‌ನ ಸೆಲ್ ಮುಗಿದಿದ್ದವು. ಅದನ್ನ ಕಟ್ಟಿದ್ದ ಪಟ್ಟಿ ಅರ್ಧ ಕಡಿದಿತ್ತು.

ಕುರಿಯವ ಅಂದ, ‘ಇದನ್ನ ಕಟ್ಟಿದಾಗಿಂದ ಟಗರು ನನ್ನ ಮಾತು ಕೇಳವಲ್ದು ಯವ್ವಾ. ಬಿಚ್ಚಿಕೊಳ್ಳ್ರಿ.’

ತಿಂಗಳು ಮುಗಿತು. ಎರಡೂ ತಗೊಂಡು ರಾಯಚೂರಿಗೆ ಹೋದೆವು. ಸಾಹೇಬರ ಖೋಲ್ಯಾಗ ಮೇಡಂ ಕುಂತರು. ಕಂಪೌಂಡರ್, ನಾನು ಬಾಗಿಲ ಹತ್ತಿರ ನಿಂತೆವು. ಮೊದಲ ಟ್ಯಾಬಿನ ಗೆರಿ ಕಂಪ್ಯೂಟರಿನ ಮ್ಯಾಲೆ ಬಂತು. ಕುರಿ ಹುಡುಕಿದ ಎರಡು ದಿನದ್ದು. ಕೌದಿ.

ಸಾಹೇಬರು ಹಣಿ ಉಜ್ಜಿಕೊಂಡರು. ‘ಏನಿದು? ಇವಗ ಗಾಡಿ ಹೊಡಿಯಾಕ ಬರ್ತದೋ ಇಲ್ಲೋ?’

ನಾ ಕಾಲ ಕಡಿ ನೋಡಿಕೊಂಡು ನಿಂತೆ. ಆಮ್ಯಾಲೆ ಮಷಿನ್‌ದು ಹಾಕಿದರು. ಅದರ ಕೊನಿ ಗೆರಿ ಬಂತು. ಸಾಹೇಬರು ಮುಂದಕ ಬಾಗಿದರು. ತಾರೀಖು ನೋಡಲಿಲ್ಲ. ನಾವು ತೋರಿಸಲಿಲ್ಲ.

‘ಆಹಾ,’ ಅಂದರು. ‘ಇಲ್ಲಿ ನೋಡ್ರಿ. ಒಂದು ಸಲಾನೂ ಹಿಂದಕ ಬಂದಿಲ್ಲ. ಹಳ್ಳ ಎಲ್ಲಿ ತಗ್ಗಿಲ್ಲ, ಸರಿಯಾಗಿ ಅಲ್ಲೇ ದಾಟ್ಯಾನ. ಹಗೂರ ನಡಿಸ್ಯಾನ. ಮಧ್ಯಾಹ್ನ ಎರಡು ತಾಸು ಗಿಡದ ಕೆಳಗ ನಿಂತಾನ. ಅಲ್ಲೇ ಲಸಿಕಿ ಹಾಕಿರಬೇಕು.’

‘ಸರ್, ಅದು ಗಾಡಿ...’ ಅಂದರು ಮೇಡಂ. ಕಂಪೌಂಡರ್‌ಗೆ ದೊಡ್ಡ ಕೆಮ್ಮು ಬಂತು.

‘ಗಾಡಿ ಅದೇ, ಡ್ರೈವರ್ ಅವನೇ,’ ಅಂದರು ಸಾಹೇಬರು. ‘ಮಷಿನ್ ಕೊಟ್ರ ಹೆಂಗ ಹೊಡಿತಾನ ನೋಡ್ರಿ! ತಪ್ಪು ಟ್ಯಾಬಿಂದು. ಟ್ಯಾಬ್ ವಾಪಸ್ ಮಾಡ್ರಿ. ಮಷಿನ್ ಇರ್ಲಿ. ಡ್ರೈವರೂ ಇರ್ಲಿ. ಇಂಥವನ್ನ ಬಿಡಬಾರದು.’

ಮೇಡಂ ನನ್ನ ಕಡಿ ನೋಡಿದರು. ನಾ ಕೈ ಮುಗಿದೆ. ಹೊರಗ ಹೊಂಟಾಗ ಸಾಹೇಬರು ಕರೆದರು.

‘ಏ, ನಿಲ್ಲು. ಒಂದು ಮಾತು. ನಡುವ ಯಾರದೋ ಶೇಂಗಾ ಹೊಲದಾಗ ಹೊಕ್ಕು ಅರ್ಧ ತಾಸು ನಿಂತೀದಿ. ಗೆರಿ ಸುಳ್ಳು ಹೇಳಂಗಿಲ್ಲ. ಅದೊಂದು ಚಟ ಬಿಡಬೇಕು.’

‘ಬಿಡಸ್ತೀನ್ರಿ ಸರ,’ ಅಂದೆ.