ಅಳಿಯನ ಮಣಿಕಟ್ಟಿನ ಶಿಲುಬೆ

ಹಚ್ಚೆಯ ವಿಷಯದಲ್ಲಿ ನನ್ನದು ಒಂದೇ ಮಾತು. ಕ್ರೈಸ್ತನಾದವನು ಮೈಮೇಲೆ ಚಿತ್ರ ಚುಚ್ಚಿಸಿಕೊಳ್ಳಬಾರದು. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಸ್ಪಷ್ಟವಾಗಿ ಬರೆದಿದೆ. ಪಾಂಡವಪುರದಲ್ಲಿ ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವವನು ನಾನು. ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

ಮೊನ್ನೆ ಮಗಳು ರೀಟಾಳನ್ನು ನೋಡಲು ಶೀಳನೆರೆಯಿಂದ ಹುಡುಗ ತನ್ನ ತಾಯಿಯ ಜೊತೆ ಬಂದ. ಲಕ್ಷಣವಾಗಿದ್ದ. ರೀಟಾಳಿಗೆ ಒಪ್ಪಿಗೆಯಾಗಿದೆ ಎಂದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ನನ್ನ ಹೆಂಡತಿ ಫಿಲೋಮಿನ ಕೇಸರಿಬಾತ್ ತಂದಳು. ಹುಡುಗ ತಟ್ಟೆಗೆ ಕೈ ಚಾಚಿದ. ಅಂಗಿಯ ತೋಳು ಹಿಂದೆ ಸರಿಯಿತು. ಮಣಿಕಟ್ಟಿನ ಮೇಲೆ ಕಪ್ಪು ಶಿಲುಬೆ!

"ಏನಪ್ಪಾ ಇದು?"

"ಟ್ಯಾಟೂ, ಅಂಕಲ್. ಶಿಲುಬೆ."

ನನಗೆ ಮೈಯೆಲ್ಲ ಉರಿದುಹೋಯಿತು. ತಪ್ಪು ಮಾಡಿದ್ದಲ್ಲದೆ ದೇವರನ್ನೇ ಸಾಕ್ಷಿಗೆ ಕರೆಯುತ್ತಾನಲ್ಲ! ದೇಹವು ಪವಿತ್ರಾತ್ಮರ ಆಲಯ, ಆಲಯದ ಗೋಡೆಯ ಮೇಲೆ ಯಾರಾದರೂ ಗೀಚುತ್ತಾರೆಯೇ ಎಂದು ಶುರುಮಾಡಿದೆ. ಫಿಲೋಮಿನ ನನ್ನ ತೊಡೆ ಜಿಗುಟಿದಳು. ನಾನು ದನಿ ಏರಿಸಿದೆ.

ಹುಡುಗನ ತಾಯಿ ಸೆರಗು ಸರಿಸಿ ತಮ್ಮ ಮುಂಗೈ ಚಾಚಿದರು. ಅಲ್ಲೂ ಒಂದು ಶಿಲುಬೆ, ಸುತ್ತ ಹಸಿರು ಚುಕ್ಕಿಗಳು.

"ಚಿಕ್ಕೋಳಿದ್ದಾಗ ನಮ್ಮವ್ವ ಉಯ್ಸಿದ್ದು ಕಣಣ್ಣ. ಸತ್ತಾಗ ಓಲೆ, ಸರ ಎಲ್ಲಾನೂವೆ ಬಿಚ್ಕತರೆ. ಅಚ್ಚೆ ಒಂದೇ ಸಂಗಡ ಬರಾದು. ದೇವ್ರ ಮುಂದೆ ನಾನು ಇದನ್ನೇ ತೋರ್ಸಾದು."

ಬುದ್ಧಿಯಿದ್ದವನು ಇಲ್ಲಿಗೆ ಬಾಯಿ ಮುಚ್ಚುತ್ತಿದ್ದ. "ಅದೆಲ್ಲ ಮೂಢನಂಬಿಕೆ ತಾಯಿ" ಎಂದೆ. ಅಷ್ಟಕ್ಕೂ ಸಮಾಧಾನವಾಗದೆ, ತೀರ್ಪು ಕೊಡಲು ನಮ್ಮ ಫಾದರ್‌ಗೇ ಫೋನ್ ಮಾಡಿ ಕರೆಸಿದೆ.

ಫಾದರ್ ಸ್ಕೂಟರಿನಲ್ಲಿ ಬಂದರು, ನಿಧಾನವಾಗಿ ಕೇಸರಿಬಾತ್ ತಿಂದು ಕಾಫಿ ಕುಡಿದರು, ಬಾಯಿ ಒರೆಸಿಕೊಂಡರು.

"ಆ ಮಾತು ಆ ಕಾಲದ ಜನಕ್ಕೆ ಹೇಳಿದ್ದಪ್ಪಾ. ಹಚ್ಚೆ ಪಾಪ ಅಂತ ನಮ್ಮ ಧರ್ಮಸಭೆ ಹೇಳೋದಿಲ್ಲ. ಬೇಡ ಅನ್ನೋ ಕ್ರೈಸ್ತರೂ ಇದ್ದಾರೆ, ಅದು ಅವರವರ ಮನಸ್ಸಾಕ್ಷಿ. ಅದೇ ಜಾಗದಲ್ಲಿ ಗಡ್ಡದ ಅಂಚು ಬೋಳಿಸಬೇಡ, ಎರಡು ಥರದ ನೂಲು ಬೆರೆಸಿದ ಬಟ್ಟೆ ಹಾಕಬೇಡ ಅಂತಲೂ ಇದೆ. ಓದಿಲ್ವಾ?"

ಎಲ್ಲರೂ ನನ್ನ ನುಣ್ಣನೆಯ ಗಲ್ಲ ನೋಡಿದರು. ಆಮೇಲೆ ಟೆರಿಕಾಟ್ ಅಂಗಿ ನೋಡಿದರು.

ನ್ಯಾಯ ಹೇಳಲು ಕರೆಸಿದವರೇ ಹೀಗೆ ಕೈಕೊಟ್ಟರೆ ಧರ್ಮ ಉಳಿಯುವುದು ಹೇಗೆ ಸ್ವಾಮಿ? ಆದರೂ ದೊಡ್ಡ ಮನಸ್ಸು ಮಾಡಿದೆ. ಎದ್ದು ನಿಂತು, "ಹೋಗಲಿ, ಕ್ಷಮಿಸಿದ್ದೇನೆ. ಈ ಸಂಬಂಧಕ್ಕೆ ನನ್ನ ಒಪ್ಪಿಗೆಯಿದೆ" ಎಂದು ಘೋಷಿಸಿದೆ.

"ನಿಮ್ಮೊಪ್ಗೆ ಆಯ್ತು. ನಾವಿನ್ನೂ ಯೋಚ್ನೆ ಮಾಡ್ಬೇಕು" ಎಂದರು ಹುಡುಗನ ತಾಯಿ.

ರೀಟಾಳ ಕಣ್ಣು ತುಂಬಿಬಂತು. ಹುಡುಗನ ತಾಯಿ ಅವಳನ್ನೇ ನೋಡಿ, ಫಿಲೋಮಿನಳ ಕಡೆ ತಿರುಗಿದರು.

"ಉಡ್ಗಿ ಚಿನ್ನದಂಗವ್ಳೆ ಕಣಕ್ಕ. ಅಚ್ಚೆ ಆದ್ರೆ ಎಂಗೋ ಅಳಿಸ್ಬೋದು. ಈ ಯಪ್ಪನ್ನ ಏನ್ ಮಾಡಾದು?"

"ಮದ್ವೆ ಆದಾಗ್ಲಿಂದ ನಾನೂ ಅದ್ನೇ ಯೋಚ್ನೆ ಮಾಡ್ತಾವ್ನಿ" ಎಂದಳು ಫಿಲೋಮಿನ.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ರೀಟಾಳೂ ಕಣ್ಣೊರೆಸಿಕೊಂಡು ನಕ್ಕಳು. ಆ ನಗುವಿನಲ್ಲೇ ಸಂಬಂಧ ಕುದುರಿತು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಫಾದರ್‌ಗೆ ಇನ್ನೊಂದು ಲೋಟ ಕಾಫಿ ತರಲು ಮಾತ್ರ ಹೇಳಿದರು.