ಸೂಕ್ತ ಸ್ಥಳಕ್ಕೆ ಸೇರಿಸತಕ್ಕದ್ದು

ಅನುಮಾನ ಎನ್ನುವುದು ಬೇರೆಯವರಿಗೆ ಕಾಯಿಲೆ ಇರಬಹುದು, ನಮ್ಮಂಥ ಜವಳಿ ವ್ಯಾಪಾರದವರಿಗೆ ಅದೇ ಬಂಡವಾಳ. ಅಜ್ಜಂಪುರದ ಪೇಟೆ ಬೀದಿಯಲ್ಲಿ ನಮ್ಮ ತಂದೆಯವರ ಕಾಲದಿಂದಲೂ ನಡೆದುಕೊಂಡು ಬಂದ ಅಂಗಡಿಯಲ್ಲಿ ಕೂತು ಕೂತು, ನನಗೆ ಮನುಷ್ಯರ ಮುಖಗಳಿಗಿಂತ ಕೈಗಳ ಪರಿಚಯವೇ ಹೆಚ್ಚು. ಗಿರಾಕಿಗಳು ಸೀರೆ ನೋಡುತ್ತಿದ್ದರೆ ನಾನು ಅವರ ಕೈಚೀಲ ನೋಡುತ್ತಿರುತ್ತೇನೆ. ಇದು ಒಳ್ಳೆಯ ಗುಣವಲ್ಲ ಎಂದು ನನ್ನ ಹೆಂಡತಿ ಸರ್ವಮಂಗಳ ಮದುವೆಯಾದ ಹೊಸದರಲ್ಲೇ ಹೇಳಿದ್ದಳು. ಹಾಗೆ ಹೇಳುವುದಕ್ಕೆ ಅವಳಿಗೆ ಏನು ಕಾರಣವಿರಬಹುದು ಎಂದು ನಾನು ಕೆಲವು ದಿನ ಯೋಚಿಸಿದ್ದೂ ಉಂಟು.

ಇಂಥ ನಾನು ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಹಳೆಯ ಕಾರು ಕೊಂಡೆ. ಅದನ್ನು ಮಾರಿದವರು ಬಹಳ ಸಂತೋಷದಿಂದ ಮಾರಿದರು, ಅಲ್ಲಿಂದಲೇ ನನಗೆ ಅನುಮಾನ ಶುರುವಾಯಿತು. ಮನೆಯ ಮುಂದೆ ಬೇವಿನ ಮರದಡಿ ನಿಲ್ಲಿಸುತ್ತಿದ್ದೆ. ಒಂದು ಬೆಳಿಗ್ಗೆ ನೋಡಿದರೆ ನಾನು ಪೂರಾ ಏರಿಸಿಟ್ಟಿದ್ದ ಬಾಗಿಲಿನ ಗಾಜು ಅರ್ಧಕ್ಕೆ ಇಳಿದಿದೆ. ಯಾರೋ ಕೈ ಹಾಕಿದ್ದಾರೆ ಎಂದೆ. ಸರ್ವಮಂಗಳ ರಂಗೋಲಿ ಬಿಡುತ್ತಿದ್ದವಳು ತಲೆಯೆತ್ತದೆ, "ಆ ಗಾಜು ತಾನಾಗೇ ಜಾರುತ್ತೆ ಕಣ್ರೀ, ಮೊನ್ನೆ ನಾನೇ ನೋಡ್ದೆ" ಎಂದಳು. ನನಗೆ ಸಮಾಧಾನವಾಗಲಿಲ್ಲ. ಗಾಜು ತಾನಾಗಿ ಜಾರುವುದಾದರೂ ಕಳ್ಳನಿಗೆ ಅದು ಗೊತ್ತಾಗುವುದಕ್ಕೆ ಎಷ್ಟು ಹೊತ್ತು ಬೇಕು? ಮುಂದಿನ ಸಲ ಬಟ್ಟೆ ಖರೀದಿಗೆ ಬೆಂಗಳೂರಿಗೆ ಹೋದಾಗ ಮೋಟಾರು ಬಿಡಿಭಾಗಗಳ ಅಂಗಡಿ ಹೊಕ್ಕು ಕಳ್ಳರ ಗಂಟೆ ಇದೆಯೇ ಎಂದು ಕೇಳಿದೆ. ಅಂಗಡಿಯವನು ಒಂದು ತಗಡಿನ ಡಬ್ಬಿ ತೆಗೆದು ಮುಂದಿಟ್ಟ. ಅದನ್ನು ಹಾರನ್ನಿಗೆ ಜೋಡಿಸಬೇಕು, ಪರರು ಬಾಗಿಲು ತೆಗೆದರೆ ಹಾರನ್ನು ಬಿಡದೆ ಕೂಗುತ್ತದೆ, ಯಜಮಾನರು ಗುಟ್ಟಾದ ಒಂದು ಗುಂಡಿ ಒತ್ತಿದರೆ ಸುಮ್ಮನಾಗುತ್ತದೆ ಎಂದ. "ಜೋಡಿಸೋದು ಕಷ್ಟವೇ?" ಎಂದೆ. "ಒಳಗೆ ಕಾಗದ ಇದೆ ಸಾರ್, ಎಲ್ಲಾ ಬರೆದಿದೆ" ಎಂದ. ಅವನು ಅದನ್ನು ನನ್ನ ಮುಖ ನೋಡದೆ ಹೇಳಿದ್ದನ್ನು ಆಗಲೇ ಗಮನಿಸಬೇಕಿತ್ತು.

ಮೆಕ್ಯಾನಿಕ್ಕನ ಕೈಗೆ ಕೊಡುವ ಪ್ರಶ್ನೆಯೇ ಇರಲಿಲ್ಲ. ಕಳ್ಳರ ಗಂಟೆ ಕಟ್ಟಿದವನಿಗೆ ಕಳಚುವುದೂ ಗೊತ್ತಿರುತ್ತದೆ. ಅಂಗಡಿಗೆ ರಜೆಯಿದ್ದ ದಿನ ಬನಿಯನ್ನು ಹಾಕಿಕೊಂಡು, ಬಾನೆಟ್ಟು ಎತ್ತಿ, ಕಾಗದ ಓದಲು ಸರ್ವಮಂಗಳನನ್ನು ಕರೆದೆ. ಒಂದು ಮಗ್ಗುಲಲ್ಲಿ ಇಂಗ್ಲಿಷು, ಇನ್ನೊಂದು ಮಗ್ಗುಲಲ್ಲಿ ಕನ್ನಡ. ಕನ್ನಡವೆಂದರೆ ನಮ್ಮ ನಿಮ್ಮ ಕನ್ನಡವಲ್ಲ, ತಾಲ್ಲೂಕು ಕಚೇರಿಯ ಗೋಡೆಗೆ ಅಂಟಿಸುವ ಜಾತಿಯದು.

"ಒಂದನೇದು ಓದು" ಎಂದೆ.

"ಸೂಕ್ತವಾದ ಸ್ಕ್ರೂ ಬಿಚ್ಚತಕ್ಕದ್ದು."

"ಯಾವ ಸ್ಕ್ರೂ?"

"ಸೂಕ್ತವಾದ್ದು."

ನನಗೆ ಸೂಕ್ತ ಕಂಡ ಸ್ಕ್ರೂ ಬಿಚ್ಚಿದೆ. ಒಂದು ತಗಡು ಕಳಚಿ ಕೆಳಗೆ ಬಿತ್ತು. ಅದು ಎಲ್ಲಿಯದೆಂದು ಇವತ್ತಿಗೂ ತಿಳಿದಿಲ್ಲ. ಎರಡನೆಯದನ್ನು ಓದಿದಳು: "ಕೆಂಪು ತಂತಿಯನ್ನು ಸೂಕ್ತ ಸ್ಥಳಕ್ಕೆ ಸೇರಿಸತಕ್ಕದ್ದು. ಇನ್ನೊಂದು ಕೆಂಪು ತಂತಿಯನ್ನು ಸೇರಿಸತಕ್ಕದ್ದಲ್ಲ." ಡಬ್ಬಿಯಿಂದ ಅವಳಿ ಜವಳಿಯಂಥ ಎರಡು ಕೆಂಪು ತಂತಿಗಳು ಹೊರಬಂದಿದ್ದವು. ಇದರಲ್ಲಿ ಇದು ಯಾವುದು, ಇನ್ನೊಂದು ಯಾವುದು ಎಂದು ಇಬ್ಬರೂ ಬಹಳ ಹೊತ್ತು ನೋಡಿದೆವು. ಮೂರನೆಯದು ಚಿತ್ರ ನೋಡಿ ಎಂದಿತು. ಚಿತ್ರದಲ್ಲಿ ಒಂದು ಲಾರಿಯ ಹಿಂಭಾಗವಿತ್ತು. ಆಮೇಲೆ ಸರ್ವಮಂಗಳ ಐದನೆಯದಕ್ಕೆ ಹೋದಳು: "ನಾಲ್ಕರಲ್ಲಿ ಹೇಳಿದಂತೆಯೇ, ಆದರೆ ತಿರುಗಾಮುರುಗಾ ಮಾಡತಕ್ಕದ್ದು."

"ನಾಲ್ಕು ಯಾಕೆ ಬಿಟ್ಟೆ?"

"ನಾನ್ ಬಿಟ್ಟಿಲ್ಲ. ಅವ್ರೇ ಬಿಟ್ಟವ್ರೆ, ನೋಡ್ಕಳಿ."

ನಿಜವಾಗಿಯೂ ನಾಲ್ಕನೆಯದು ಇರಲಿಲ್ಲ. ಇಂಗ್ಲಿಷಿನ ಕಡೆ ತಿರುಗಿಸಿದೆ, ಅಲ್ಲಿಯೂ ಇರಲಿಲ್ಲ. ಎರಡೂ ಭಾಷೆಯಲ್ಲಿ ಒಂದೇ ಕಡೆ ಮರೆವು ಬರುವುದು ಸಾಧ್ಯವೇ? ಅಷ್ಟು ಹೊತ್ತಿಗೆ ನನ್ನಲ್ಲಿ ಒಂದು ವಿಚಾರ ಗಟ್ಟಿಯಾಯಿತು. ಈ ಕಾಗದ ಬರೆದವನೇ ಕಾರು ಕಳ್ಳ. ಗಂಟೆ ಯಾವ ಕಾರಿಗೂ ಸರಿಯಾಗಿ ಕೂರಬಾರದು, ಇದು ಅವನ ಉದ್ದೇಶ. ಇಲ್ಲದಿದ್ದರೆ, ಜೋಡಿಸುವ ಕ್ರಮವನ್ನು ಇಷ್ಟು ಮಬ್ಬಾಗಿ ಬರೆದವನು, ತಪ್ಪಾಗಿ ಜೋಡಿಸಿದರೆ ತಯಾರಕರು ಹೊಣೆಯಲ್ಲ ಎಂಬ ಕೊನೆಯ ಸಾಲನ್ನು ಮಾತ್ರ ಅಷ್ಟು ದಪ್ಪಕ್ಷರದಲ್ಲಿ, ಅಷ್ಟು ಚೊಕ್ಕವಾದ ಕನ್ನಡದಲ್ಲಿ ಹೇಗೆ ಬರೆದ? ಇದನ್ನು ಸರ್ವಮಂಗಳನಿಗೆ ಹೇಳಿದೆ. ಅವಳು, "ಕಳ್ಳ ಆಗಿದ್ರೆ ಇನ್ನೂ ಚೆನ್ನಾಗಿ ಬರೀತಿದ್ದ, ಕೆಲಸ ಗೊತ್ತಿರ್ತಿತ್ತು" ಎಂದು ಮುಂದಕ್ಕೆ ಓದಿದಳು. "ಗುಪ್ತ ಗುಂಡಿಯನ್ನು ಮಾಲೀಕನಿಗೆ ಮಾತ್ರ ತಿಳಿದ ಸ್ಥಳದಲ್ಲಿ ಇಡತಕ್ಕದ್ದು." ಓದಿ ನನ್ನ ಮುಖ ನೋಡಿದಳು. "ಹಂಗಾದ್ರೆ ನಾನು ಒಳಕ್ಕೆ ಹೋಗ್ಲಾ?"

"ಹೋಗು" ಎಂದೆ. ಆ ಒಂದು ಮಾತಿಗೆ ಅವತ್ತು ಮಧ್ಯಾಹ್ನ ನನಗೆ ತಿಳಿಸಾರು ಮಾತ್ರ ಸಿಕ್ಕಿತು.

ಅವಳು ಹೋದ ಮೇಲೆ ಗುಂಡಿಯನ್ನು ಹಿಂದಿನ ಸೀಟಿನ ಮೆತ್ತೆಯ ಕೆಳಗೆ, ನನ್ನ ಬೆನ್ನ ಹಿಂದೆ ಬರುವ ಕಡೆ, ಸ್ಪ್ರಿಂಗುಗಳ ನಡುವೆ ಕಟ್ಟಿದೆ. ಅಲ್ಲಿ ಯಾವ ಕಳ್ಳನೂ ಕೈ ಹಾಕುವುದಿಲ್ಲ. ನಾಲ್ಕನೆಯದನ್ನು ನಾನೇ ಊಹಿಸಿಕೊಂಡು ಐದನೆಯದರಲ್ಲಿ ತಿರುಗಾಮುರುಗಾ ಮಾಡಿದೆ. ಎಲ್ಲ ಮುಗಿಸಿ ಬಾಗಿಲು ತೆಗೆದೆ. ಹಾರನ್ನು ಕೂಗಲಿಲ್ಲ. ಹಾಕಿ ಮತ್ತೆ ತೆಗೆದೆ, ಕಿಟಕಿಯಿಂದ ಕೈ ಹಾಕಿ ಕಳ್ಳನಂತೆಯೇ ತೆಗೆದೆ. ಉಸಿರಿಲ್ಲ. ಮಾರನೆಯ ದಿನದಿಂದ ನಾವಿಬ್ಬರೂ ಮುಂದೆ ಕೂತು ಓಡಾಡಿದೆವು, ಆಗಲೂ ಅದು ಸುಮ್ಮನಿತ್ತು. ಕೆಟ್ಟಿದೆ ಎಂದಳು ಅವಳು. ನನಗೆ ಹಾಗನ್ನಿಸಲಿಲ್ಲ. ಅದು ಯಾವುದಕ್ಕೋ ಕಾಯುತ್ತಿದೆ ಅನ್ನಿಸುತ್ತಿತ್ತು.

ಹೀಗಿರುವಾಗ ತರೀಕೆರೆಯಿಂದ ನನ್ನ ಅಕ್ಕ ಶಾಂತಮ್ಮ ಹೇಳಿಕಳಿಸಿದಳು. ಭಾವ ತೀರಿಹೋದ ಮೇಲೆ ಅವಳಿಗೂ ಅವಳ ಮಗಳು ಉಮಾಗೂ ದಿಕ್ಕೆಂದರೆ ನಾನೇ. ಉಮಾಳನ್ನು ಅದುವರೆಗೆ ನೋಡಿಹೋದವರೆಲ್ಲ ಒಂದೊಂದು ನೆಪ ಹೇಳಿ ಜಾರಿಕೊಂಡಿದ್ದರು. ಅಕ್ಕ ಅದನ್ನು ಹೊರಗೆ ಆಡದಿದ್ದರೂ ಬಹಳ ಸೊರಗಿದ್ದಳು. ಈಗ ಯಗಟಿಯ ಕಡೆಯ ಒಂದು ಮನೆತನ ಬರುತ್ತಿತ್ತು. ಹುಡುಗ ಬಸವರಾಜ ಹಿರೇನಲ್ಲೂರಿನಲ್ಲಿ ಮೇಷ್ಟ್ರು. ಅವನ ತಂದೆ ರುದ್ರಪ್ಪನವರು ಕಂದಾಯ ಇಲಾಖೆಯಲ್ಲಿ ಶೇಕದಾರರಾಗಿ ನಿವೃತ್ತರಾದವರು. ಅವರು ಬಸ್ಸಿನಲ್ಲಿ ಕಡೂರಿಗೆ ಬರುತ್ತಾರೆ, ಅಲ್ಲಿಂದ ತರೀಕೆರೆಗೆ ನಾನು ಕಾರಿನಲ್ಲಿ ಕರೆತರಬೇಕು. ಹಿಂದಿನ ದಿನ ಅಡಿಗೆಗೆ ಒತ್ತಾಸೆಯಾಗಲೆಂದು ಸರ್ವಮಂಗಳನನ್ನು ಅಲ್ಲಿ ಬಿಡಲು ಹೋಗಿದ್ದಾಗ ಅಕ್ಕ ನನ್ನ ಕೈ ಹಿಡಿದುಕೊಂಡಳು. "ನೋಡಪ್ಪಾ, ಅವರತ್ರ ನಿನ್ನ ಬುದ್ಧಿ ತೋರಿಸ್ಬೇಡ. ನಗ್ತಾ ನಗ್ತಾ ಕರ್ಕೊಂಡ್ ಬಾ, ಸಾಕು." ನಾನು ಆಗಲೆಂದೆ.

ಕಡೂರು ಬಸ್ ನಿಲ್ದಾಣದಲ್ಲಿ ನಗುತ್ತಲೇ ನಿಂತಿದ್ದೆ. ಶೇಕದಾರರು ನನ್ನ ನಗುವನ್ನು ನೋಡಿ ತಮ್ಮ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು. ಮುಂದೆ ನನ್ನ ಪಕ್ಕದಲ್ಲಿ ಅವರು ಕೂತರು, ಹಿಂದೆ ಹುಡುಗ. ಅವನ ತಾಯಿ ಗಿರಿಜಮ್ಮನವರು ಮೈಕೈ ತುಂಬಿಕೊಂಡ ಹೆಂಗಸು, ಸೆರಗು ಸರಿಮಾಡಿಕೊಂಡು ನನ್ನ ಹಿಂದುಗಡೆ ಕೂತರು. ಅವರು ಕೂತಿದ್ದೇ ತಡ, ಹಾರನ್ನು ಕೂಗತೊಡಗಿತು.

"ಏನ್ ಸ್ವಾಮಿ ಇದು?" ಎಂದರು ಶೇಕದಾರರು.

"ಹಾರನ್ನು."

"ಅದು ಗೊತ್ತಾಯ್ತು."

ಗುಂಡಿ ಒತ್ತಿದರೆ ನಿಲ್ಲುತ್ತದೆಂದು ನನಗೆ ಗೊತ್ತಿತ್ತು. ಆದರೆ ಗುಂಡಿ ಇದ್ದದ್ದು ಗಿರಿಜಮ್ಮನವರ ಕೆಳಗೆ. ಹೆಣ್ಣು ನೋಡಲು ಬಂದ ಬೀಗಿತ್ತಿಯನ್ನು ಏಳಿಸಿ ಅವರು ಕೂತ ಕಡೆ ಕೈ ಹಾಕುವುದು ಹೇಗೆ? ಅದಕ್ಕಿಂತ ಹೆಚ್ಚಾಗಿ, ಗುಂಡಿಯ ಜಾಗ ನನಗೆ ಮಾತ್ರ ತಿಳಿದಿರಬೇಕಾದ್ದು. ಹುಡುಗನ ಕಡೆಯವರೇ ಆದರೂ ಇನ್ನೂ ಸಂಬಂಧ ಕುದುರಿರಲಿಲ್ಲ. ಹೊರಟರೆ ನಿಂತೀತು ಎಂದುಕೊಂಡು ಹೊರಟೆ. ಬೀರೂರು ರಸ್ತೆಗೆ ತಿರುಗುವ ಕಡೆ ಪೊಲೀಸಿನವನೊಬ್ಬ ಕೈ ಅಡ್ಡ ಹಿಡಿದ.

"ಗಾಡಿ ಯಾರ್ದು?"

"ನಂದೇ."

"ನಿಮ್ದೇ ಆಗಿದ್ರೆ ಯಾಕಿಂಗ್ ಬಡ್ಕತಾ ಐತೆ? ಕಾಗದ ತೆಗೀರಿ."

"ಕಾಗದ ಅಜ್ಜಂಪುರದಲ್ಲಿದೆ. ಅಂಗಡಿ ತಿಜೋರಿಯಲ್ಲಿ."

"ಗಾಡಿ ಕಾಗದ ತಿಜೋರಿಲಿ ಯಾಕಿಟ್ರಿ?"

"ಗಾಡಿಯಲ್ಲಿಟ್ರೆ ಕಳ್ಳರು ತಗೊಂಡ್ ಹೋಗ್ತಾರೆ ಅಂತ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಾನು ಅಂಗಡಿಯಲ್ಲಿ ಜನರನ್ನು ನೋಡುವ ನೋಟವೇ ಅದು. ಈ ಕಡೆಯಿಂದ ಅನುಭವಿಸಿದ್ದು ಮೊದಲ ಸಲ. ಆಮೇಲೆ ಬಗ್ಗಿ ಶೇಕದಾರರನ್ನು ಕೇಳಿದ, "ಯಜಮಾನ್ರೇ, ಇವ್ರು ನಿಮಗ್ ಗೊತ್ತಾ?"

ಶೇಕದಾರರು ಸುಳ್ಳು ಸಾಕ್ಷಿ ಹೇಳುವವರಲ್ಲ. ಸ್ವಲ್ಪ ಯೋಚಿಸಿ, ಹಾರನ್ನಿನ ಮೇಲೆ ದನಿಯೆತ್ತಿ, "ಗೊತ್ತು ಅನ್ನಕ್ಕಾಗಲ್ಲ. ಇವತ್ತೇ ನೋಡಿದ್ದು. ತರೀಕೆರೆಗೆ ಬನ್ನಿ ಅಂದ್ರು, ಹತ್ತಿದ್ವಿ" ಎಂದರು.

ನನ್ನ ಕಣ್ಣ ಮುಂದೆ ಅಕ್ಕನ ಮುಖ ಬಂತು. ಅವಳು ಅಲ್ಲಿ ಉಪ್ಪಿಟ್ಟು ಕೇಸರೀಬಾತು ಮಾಡಿಟ್ಟು ಬಾಗಿಲಲ್ಲಿ ನಿಂತಿರುತ್ತಾಳೆ, ಉಮಾ ಸೀರೆಯುಟ್ಟು ಒಳಗೆ ಕೂತಿರುತ್ತಾಳೆ, ನಾನಿಲ್ಲಿ ಠಾಣೆಗೆ ಹೋಗುತ್ತಿದ್ದೇನೆ. ಅಷ್ಟರಲ್ಲಿ ಗಿರಿಜಮ್ಮನವರು "ತಲೆ ಸಿಡೀತಾ ಐತೆ ಕಣಪ್ಪಾ" ಎಂದು ಕೆಳಗಿಳಿದರು. ಹಾರನ್ನು ನಿಂತಿತು. ಎಲ್ಲರೂ ನಿಟ್ಟುಸಿರು ಬಿಟ್ಟರು. ಅವರು ಹತ್ತಿ ಕೂತರು, ಮತ್ತೆ ಕೂಗಿತು. ಪೊಲೀಸಿನವನು, "ಅಮ್ಮಾ, ಇನ್ನೊಂದ್ಸಲ ಇಳೀರಿ" ಎಂದ. ಇಳಿದರು, ನಿಂತಿತು. "ನಾನೇನಪ್ಪಾ ಮಾಡ್ದೆ ಈಗ?" ಎಂದು ಗಿರಿಜಮ್ಮನವರು ರಸ್ತೆಯಲ್ಲಿ ನಿಂತು ಕೇಳಿದಾಗ, ಅದುವರೆಗೆ ತುಟಿ ಬಿಚ್ಚದಿದ್ದ ಮೇಷ್ಟ್ರು ಕರವಸ್ತ್ರ ಬಾಯಿಗೆ ಹಿಡಿದುಕೊಂಡು ನಗತೊಡಗಿದ.

ನನಗೂ ಈಗ ತಿಳಿಯಿತು. ಒತ್ತಿದರೆ ನಿಲ್ಲಿಸಬೇಕಾದ ಗುಂಡಿ, ನನ್ನ ತಿರುಗಾಮುರುಗಾದಲ್ಲಿ ಒತ್ತಿದರೆ ಕೂಗಿಸುವ ಗುಂಡಿಯಾಗಿತ್ತು. ಹಿಂದಿನ ಸೀಟಿನಲ್ಲಿ ಯಾರೂ ಕೂರದೆ ಇದ್ದುದರಿಂದ ಇಷ್ಟು ದಿನ ಅದು ಸುಮ್ಮನಿತ್ತು. ಬೇರೆ ದಾರಿಯಿಲ್ಲದೆ ಮೆತ್ತೆ ಎತ್ತಿ, ಪೊಲೀಸಿನವನು, ಶೇಕದಾರರು, ಬಸ್ಸಿಗೆ ಕಾಯುತ್ತಿದ್ದ ಜನ ಎಲ್ಲರ ಎದುರಿಗೂ ನನ್ನ ಗುಪ್ತ ಗುಂಡಿಯನ್ನು ಹೊರಗೆ ತೆಗೆದು ತಂತಿ ಕಿತ್ತೆ. ಕಳ್ಳನಾದವನಿಗೆ ಇಷ್ಟು ನಾಚಿಕೆಯಾಗುವುದಿಲ್ಲ ಎಂದು ತೀರ್ಮಾನಿಸಿದನೋ ಏನೋ, ಪೊಲೀಸಿನವನು ಹೋಗಿ ಎಂದ.

ಬೀರೂರು ದಾಟಿದೆವು. ಸಂಬಂಧ ಮುರಿದಂತೆಯೇ ಎಂದು ನಾನು ಅಕ್ಕನಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಆಗ ಶೇಕದಾರರು ಕೇಳಿದರು.

"ಈ ಗಾಡಿ ಕದಿಯಾಕೆ ಯಾರಾದ್ರೂ ಬಂದಿದ್ರಾ?"

"ಇನ್ನೂ ಬಂದಿಲ್ಲ."

"ಬತ್ತಾರೆ ಅಂತ."

"ಹೂಂ."

ಅವರು ತಲೆದೂಗಿದರು. "ಒಳ್ಳೇದು" ಎಂದರು.

ಆ ಒಳ್ಳೇದರ ಅರ್ಥ ಅವರು ಉಮಾಳನ್ನು ನೋಡಿ, ಒಪ್ಪಿ, ಊರಿಗೆ ಹೋದ ಮೇಲೆ ಅಕ್ಕನ ಬಾಯಲ್ಲಿ ತಿಳಿಯಿತು. "ಸೋದರಮಾವ ಯಾರನ್ನೂ ನಂಬೋನಲ್ಲ. ಅಂಥ ಮನೇಲಿ ಬೆಳೆದ ಹುಡುಗಿ ಬೀರು ಬಾಗ್ಲು ತೆಗೆದಿಟ್ಟು ಓಡಾಡಲ್ಲ" ಅಂದರಂತೆ. ಇಷ್ಟು ಸುಲಭವಾಗಿ ಒಪ್ಪಿದ್ದರಲ್ಲಿ ಏನೋ ಇದೆ ಎಂದು ನಾನು ಮನೆಯಲ್ಲಿ ಹೇಳಿದಾಗ ಸರ್ವಮಂಗಳ, "ಹುಡುಗ ಕಡೂರಲ್ಲಿ ಶುರು ಮಾಡಿದ್ ನಗು ತರೀಕೆರೆಲೂ ನಿಲ್ಸಿರ್ಲಿಲ್ಲ, ಉಮಾನೂ ನಕ್ಕಳು. ಅಷ್ಟೇ ಕಣ್ರೀ" ಎಂದಳು.

ಮದುವೆ ತರೀಕೆರೆಯ ಛತ್ರದಲ್ಲಿ ನಡೆಯಿತು. ಉಗ್ರಾಣ ಯಾರಿಗೆ ಒಪ್ಪಿಸುವುದು ಎಂಬ ಮಾತು ಬಂದಾಗ ಶೇಕದಾರರು ಕ್ಷಣವೂ ತಡೆಯದೆ ನನ್ನ ಹೆಸರು ಹೇಳಿದರು. ಗಂಡಿನ ತಂದೆಯ ಮಾತು, ಮೀರುವಂತಿಲ್ಲ. ಹೀಗಾಗಿ, ನಾನು ಎತ್ತಿ ಆಡಿಸಿದ ಹುಡುಗಿಯ ಕೊರಳಿಗೆ ತಾಳಿ ಕಟ್ಟುವ ಹೊತ್ತಿಗೆ ನಾನು ಅಕ್ಕಿ, ಬೆಲ್ಲ, ತೆಂಗಿನಕಾಯಿಗಳ ನಡುವೆ ಲಾಡುಗಳ ಬುಟ್ಟಿಯ ಪಕ್ಕದಲ್ಲಿ ಕಾವಲು ಕೂತಿದ್ದೆ. ಅಕ್ಷತೆ ಹಾಕಿ ಬಂದುಬಿಡೋಣವೆಂದು ಎದ್ದೆ. ಎಳೆದರೆ ಬಾಗಿಲು ಬರಲಿಲ್ಲ. ಹೊರಗಿನಿಂದ ಬೀಗ ಬಿದ್ದಿತ್ತು.

"ಯಾರ್ರೀ ಹೊರಗೆ?" ಎಂದೆ.

"ನಾನೇ ಕಣ್ರೀ" ಎಂದರು ಶೇಕದಾರರು ಆಚೆಯಿಂದ. "ತಪ್ಪು ತಿಳ್ಕೋಬೇಡಿ. ಯಾತಕ್ಕೂ ಇರ್ಲಿ ಅಂತ ಹಾಕ್ದೆ. ಮುಹೂರ್ತ ಮುಗಿಸ್ಕೊಂಡ್ ಬಂದ್ ತೆಗೀತೀನಿ."

ಅವರ ಹೆಜ್ಜೆ ಸಪ್ಪಳ ದೂರವಾಯಿತು. ವಾಲಗದ ಸದ್ದು ಜೋರಾಯಿತು. ನಾನು ಬುಟ್ಟಿಯ ಪಕ್ಕಕ್ಕೆ ಬಂದು ಮತ್ತೆ ಕೂತೆ. ಅವರ ಮೇಲೆ ನನಗೆ ಕೋಪವೇನೂ ಬರಲಿಲ್ಲ, ಅವರ ಜಾಗದಲ್ಲಿದ್ದರೆ ನಾನೂ ಬೀಗ ಹಾಕುತ್ತಿದ್ದೆ. ಆದರೆ ನಾನಾಗಿದ್ದರೆ, ಹಾಕುವ ಮೊದಲು ಲಾಡುಗಳನ್ನು ಎಣಿಸಿಕೊಳ್ಳುತ್ತಿದ್ದೆ.